ಪೇಟೆಗೆ ಬರುವ ಮುನ್ನ ನಡೆಯುವ ವ್ಯಾಪಾರ: ಇಸ್ಲಾಮಿನ ನ್ಯಾಯಚಿಂತನೆಯ ಒಂದು ಹಳೆಯ ಪ್ರಶ್ನೆ

ರೈತ ಮೆಕ್ಕೆಜೋಳವನ್ನು ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ತರುವ ಮೊದಲೇ, ಆ ದಿನದ ಧಾರಣೆ ಅವನ ಕಿವಿಗೆ ಬೀಳುವ ಮುನ್ನವೇ ಕಣದಲ್ಲಿ ಖರೀದಿ ಮುಗಿಸುವುದು ನ್ಯಾಯವೇ ಎಂಬ ಪ್ರಶ್ನೆ, ಪ್ರಾಂಗಣದ ಹೊರಗಿನ ಖರೀದಿಗೆ ಅವಕಾಶ ಕೊಟ್ಟ 2020ರ ಕಾಯ್ದೆ ತಿದ್ದುಪಡಿಯೊಂದಿಗೆ ಮುನ್ನೆಲೆಗೆ ಬಂತು. ಏಳನೆಯ ಶತಮಾನದ ಮದೀನಾದಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಸರಕು ಹೇರಿಕೊಂಡು ಬರುವವರನ್ನು ಊರ ಹೊರಗೆ ಎದುರುಗೊಂಡು ಕೊಳ್ಳಬಾರದೆಂದು ಪ್ರವಾದಿ ಮುಹಮ್ಮದರು ನಿಷೇಧಿಸಿದರು. ಹಾಗೆ ಮಾರಿದವನು ಪೇಟೆಗೆ ಬಂದು ನಿಜವಾದ ಬೆಲೆ ತಿಳಿದ ಮೇಲೆ ವ್ಯಾಪಾರವನ್ನು ಮುರಿಯಬಹುದೆಂಬ ಹದೀಸೂ (ಪ್ರವಾದಿಯವರ ನುಡಿ-ನಡೆಗಳ ವರದಿ) ಇದೆ.

ಕೊಳ್ಳುವ ಇಚ್ಛೆಯಿಲ್ಲದೆ ಸವಾಲು ಏರಿಸುವುದು, ಬೆಲೆ ಏರಲೆಂದು ಧಾನ್ಯ ಕೂಡಿಡುವುದು ಕೂಡ ನಿಷಿದ್ಧ. ತೂಕದಲ್ಲಿ ಕಡಿಮೆ ಕೊಡುವವರನ್ನು ಕುರ್‌ಆನಿನ 83ನೆಯ ಅಧ್ಯಾಯ ಕಟುವಾಗಿ ಖಂಡಿಸುತ್ತದೆ. ಆದರೆ ಬೆಲೆ ಏರಿದಾಗ ದರ ನಿಗದಿಪಡಿಸಿ ಎಂದು ಜನ ಕೇಳಿಕೊಂಡರೆ ಪ್ರವಾದಿಯವರು ಒಪ್ಪಲಿಲ್ಲ; ಯಾರ ಸ್ವತ್ತಿನ ವಿಷಯದಲ್ಲೂ ಅನ್ಯಾಯದ ಹೊಣೆ ಹೊತ್ತು ದೇವರ ಮುಂದೆ ನಿಲ್ಲಲಾರೆ ಎಂಬುದು ಅವರ ಕಾರಣವಾಗಿತ್ತು. ಇದನ್ನಷ್ಟೇ ಹಿಡಿದು ಇಸ್ಲಾಮು ನಿರ್ಬಂಧವಿಲ್ಲದ ಮಾರುಕಟ್ಟೆಯ ಪರ ಎನ್ನುವವರು ಅವಸರ ಮಾಡುತ್ತಾರೆ. ದಮಾಸ್ಕಸ್ಸಿನಲ್ಲಿ ಬಾಳಿದ ಧರ್ಮಪಂಡಿತ ಇಬ್ನ್ ತೈಮಿಯ್ಯ (1263–1328), ವರ್ತಕರು ಒಳಒಪ್ಪಂದ ಮಾಡಿಕೊಂಡಾಗ ಅಥವಾ ಮಾರುವ ಹಕ್ಕು ಕೆಲವರಿಗೇ ಸೀಮಿತವಾದಾಗ ದರ ನಿಗದಿ ಮಾಡುವುದು ಆಳುವವರ ಕರ್ತವ್ಯವೇ ಆಗುತ್ತದೆಂದು ವಾದಿಸಿದ. ದೊರೆಯೇ ವ್ಯಾಪಾರಕ್ಕಿಳಿದರೆ ಅವನೊಡನೆ ಪೈಪೋಟಿ ನಡೆಸಲಾರದೆ ಪ್ರಜೆಗಳು ಕೆಡುತ್ತಾರೆಂದು ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಇತಿಹಾಸಕಾರ ಇಬ್ನ್ ಖಲ್ದೂನ್ ಎಚ್ಚರಿಸಿದ. (ಕಾಳುಮೆಣಸು, ಶ್ರೀಗಂಧಗಳನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದ ಟಿಪ್ಪುವಿನ ಆಡಳಿತ ಈ ಎಚ್ಚರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.)

ದಾರಿಯಲ್ಲಿ ಕೊಳ್ಳುವುದರ ನಿಷೇಧ ಯಾರ ರಕ್ಷಣೆಗೆ ಎಂಬಲ್ಲಿ ಮಾತ್ರ ನ್ಯಾಯಶಾಸ್ತ್ರಜ್ಞರು ಒಮ್ಮತಕ್ಕೆ ಬರಲಿಲ್ಲ. ಬೆಲೆಯರಿಯದೆ ಬರುವ ಮಾರಾಟಗಾರನಿಗಾಗಿ ಎಂದು ಶಾಫಿಈ ತಿಳಿದರೆ, ಒಬ್ಬನೇ ಮುಂದೆ ಹೋಗಿ ಸರಕು ಹಿಡಿದುಕೊಂಡು ಉಳಿದ ಪೇಟೆಯವರ ಅವಕಾಶ ಕಸಿಯದಿರಲಿ ಎಂಬುದಕ್ಕಾಗಿ ಎಂದು ಮಾಲಿಕ್ ತಿಳಿದರು. ಪ್ರಾಂಗಣದ ಟೆಂಡರನ್ನು ಸಮರ್ಥಿಸುವ ರೈತನೂ ಮಂಡಿ ವರ್ತಕನೂ ಇಂದು ಒಂದೇ ಮಾತಾಡುತ್ತಿದ್ದರೂ ಅವರ ಹಿತ ಒಂದೇ ಅಲ್ಲ. ಪೇಟೆಯವರಲ್ಲೇ ಒಳಒಪ್ಪಂದವಿದ್ದರೆ ಕಣದಲ್ಲಿ ಕೊಳ್ಳಲು ಬಂದ ಹೊರಗಿನವನೇ ರೈತನಿಗೆ ಹೆಚ್ಚು ಬೆಲೆ ಕೊಡಬಹುದು. ಆಗ ಶಾಫಿಈಯ ಕಾರಣ ಒಂದು ಕಡೆಗೆ, ಮಾಲಿಕರ ಕಾರಣ ಇನ್ನೊಂದು ಕಡೆಗೆ ಎಳೆಯುತ್ತದೆ.