ಕೂತ್ಕೊ ಅಂದಷ್ಟೂ ಏಳುವ ಮಕ್ಕಳು

ಒಮ್ಮೆ ಮೂರನೇ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂತಿದ್ದೆ. ಮಿಸ್ ಬೋರ್ಡಿನ ಮೇಲೆ ಕೂಡುವ ಲೆಕ್ಕ ಬರೆಯುತ್ತಿದ್ದರು. ಕಿಟಕಿ ಪಕ್ಕದ ಹುಡುಗ ಕತ್ತು ಉದ್ದ ಮಾಡಿಕೊಂಡು ಎದ್ದ. “ಏಯ್, ಕೂತ್ಕೊಳ್ಳೋ!” ಕೂತ. ಅಷ್ಟರಲ್ಲಿ ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ಇನ್ನೊಬ್ಬಳು ಎದ್ದಳು. ಅವಳನ್ನು ಕೂರಿಸುವ ಹೊತ್ತಿಗೆ ಮೊದಲಿನವ ಮತ್ತೆ ನಿಂತಿದ್ದ. ನಾನು ಸುಮ್ಮನೆ ನೋಟ್‌ಬುಕ್ಕಿನ ಅಂಚಿನಲ್ಲಿ ಗೆರೆ ಎಳೆಯುತ್ತ ಹೋದೆ. ಬೆಲ್ ಹೊಡೆದಾಗ ಎಣಿಸಿದರೆ “ಕೂತ್ಕೊ” 34 ಸಲ. ತೆಪ್ಪಗೆ ಕೂತು ಲೆಕ್ಕ ಮಾಡುತ್ತಿದ್ದವರಿಗೆ ಒಂದು ಮಾತೂ ಇಲ್ಲ.

ಇದನ್ನೇ ಅಮೆರಿಕದ ಮನಶ್ಶಾಸ್ತ್ರಜ್ಞ ವೆಸ್ಲಿ ಬೆಕರ್ ಮತ್ತು ಸಂಗಡಿಗರು 1968ರಲ್ಲಿ ಅಳೆದು ತೋರಿಸಿದ್ದರು. ಒಂದನೇ ತರಗತಿ, 48 ಮಕ್ಕಳು, ಇಬ್ಬರು ಟೀಚರುಗಳು. “ಕೂತ್ಕೊಳ್ಳಿ” ಎನ್ನುವುದನ್ನು ಮೂರು ಪಟ್ಟು ಹೆಚ್ಚಿಸಿ ಎಂದು ಅವರಿಗೆ ಹೇಳಿದರು. ಏಳುವ ಮಕ್ಕಳು ಕಡಿಮೆಯಾಗಲಿಲ್ಲ, ಜಾಸ್ತಿಯಾದರು. ಆ ಮಾತು ಇಳಿಸಿದಾಗ ಏಳುವುದೂ ಇಳಿಯಿತು. ಕೂತವರನ್ನು ಗಮನಿಸಿ ಮೆಚ್ಚತೊಡಗಿದ ಮೇಲೆ ಇನ್ನಷ್ಟು ಇಳಿಯಿತು.

ತಮಾಷೆಯೆಂದರೆ, ಗದರಿದ ತಕ್ಷಣ ಮಕ್ಕಳು ಕೂರುತ್ತಾರೆ. ಟೀಚರಿಗೆ ಕಾಣುವುದು ಅಷ್ಟೇ: ಹೇಳಿದೆ, ಕೆಲಸವಾಯಿತು. ಐದು ನಿಮಿಷದಲ್ಲಿ ಮತ್ತೆ ಎದ್ದದ್ದಕ್ಕೂ ತಮ್ಮ ಮಾತಿಗೂ ನಂಟಿದೆ ಅನ್ನಿಸುವುದಿಲ್ಲ. ನಲವತ್ತು ಮಕ್ಕಳ ನಡುವೆ ಟೀಚರ ಕಣ್ಣು ತನ್ನ ಮೇಲೆ ಬೀಳುವುದೇ ಮಗುವಿಗೆ ದೊಡ್ಡದು. ಆ ಕಣ್ಣು ಕೆಂಪಗಿದ್ದರೂ ಸರಿಯೇ.

ಅದೇ ವರ್ಷದ ಇನ್ನೊಂದು ಪ್ರಯೋಗ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಬೆಕರ್ ತಂಡ ಈ ಸಲ ಶಿಸ್ತಿನ ತರಗತಿಯನ್ನೇ ಆರಿಸಿಕೊಂಡು, ಮೆಚ್ಚುಗೆಯ ಮಾತನ್ನು ನಿಲ್ಲಿಸಿಬಿಡಿ ಎಂದು ಟೀಚರಿಗೆ ಹೇಳಿತು. ಗಲಾಟೆ ಶುರುವಾಯಿತು. ಬೈಗುಳ ಹೆಚ್ಚಿಸಿದಾಗ ಗಲಾಟೆಯೂ ಏರಿತು. ಮೆಚ್ಚುಗೆ ಮರಳಿದ ಮೇಲೆ ತರಗತಿ ತಣ್ಣಗಾಯಿತು. “ಈ ವರ್ಷದ ಬ್ಯಾಚೇ ಸರಿಯಿಲ್ಲ ಬಿಡಿ” ಎಂದು ಸ್ಟಾಫ್‌ರೂಮಿನಲ್ಲಿ ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಬೈಗುಳದಿಂದ ಕಲಿಕೆಗೂ ಪೆಟ್ಟು. ಯೋಚಿಸಿ, ತಡೆದು, ಲೆಕ್ಕ ಬಿಡಿಸುವ ಕೆಲಸ ಮೆದುಳಿನ ಮುಂಭಾಗದ್ದು. ಹೆದರಿಕೆಯಲ್ಲಿ ನೊರ್‌ಅಡ್ರಿನಲಿನ್, ಡೋಪಮೈನ್ ಎಂಬ ರಾಸಾಯನಿಕಗಳು ಅಲ್ಲಿ ಮಿತಿಮೀರಿ, ಆ ಭಾಗವೇ ಮಂಕಾಗುತ್ತದೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ನರವಿಜ್ಞಾನಿ ಏಮಿ ಆರ್ನ್‌ಸ್ಟನ್ ವಿವರಿಸಿದ್ದಾರೆ. ಮನೆಯಲ್ಲಿ ಗಡಗಡ ಹೇಳುತ್ತಿದ್ದ ಮಗ್ಗಿ ಮೇಷ್ಟ್ರ ಎದುರು ಮರೆತುಹೋಗುವುದು ನಾಟಕವಲ್ಲ.

ಹಾಗಂತ ಸಿಕ್ಕಿದ್ದಕ್ಕೆಲ್ಲ “ಜಾಣಮರಿ” ಅಂದರಾಗದು. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲತೊಡಗಿದರು. ಪ್ರಯತ್ನಕ್ಕೆ ಮೆಚ್ಚುಗೆ ಪಡೆದವರು ಜಗ್ಗಲಿಲ್ಲ. “ತಪ್ಪಾಗಿದ್ದನ್ನ ನೀನೇ ಅಳಿಸಿ ಮತ್ತೆ ಮಾಡಿದ್ಯಲ್ಲ, ಅದು ಚೆನ್ನಾಗಿದೆ” ಅಂದರೆ ಮುಂದೇನು ಮಾಡಬೇಕೆಂದು ಮಗುವಿಗೆ ಗೊತ್ತಾಗುತ್ತದೆ. ಇನ್ನು, ಒಬ್ಬ ಇನ್ನೊಬ್ಬನನ್ನು ಗೋಳು ಹುಯ್ಯುತ್ತಿದ್ದರೆ ನೋಡದವರಂತೆ ಇರುವುದೂ ಸಲ್ಲದು; ಅಲ್ಲಿ ತಕ್ಷಣ ಅಡ್ಡ ಹೋಗಲೇಬೇಕು.

34 ಗೆರೆಗಳನ್ನು ಮಿಸ್‌ಗೆ ತೋರಿಸಿದೆ. “ಅಯ್ಯೋ, ಅಷ್ಟೊಂದಾ?” ಎಂದು ನಕ್ಕರು. ಮಾರನೇ ವಾರದಿಂದ ಕೂತವರ ಹತ್ತಿರ ಹೋಗಿ ಮಾತಾಡಿಸತೊಡಗಿದರು. ಪೆನ್ಸಿಲ್ ಹುಡುಗಿ ಹತ್ತು ದಿನಕ್ಕೆ ಹಾದಿಗೆ ಬಂದಳು. ಕಿಟಕಿ ಪಕ್ಕದವನು ಮಾತ್ರ ಏಳುತ್ತಲೇ ಇದ್ದ. ಮೆಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕೊನೆಗೊಂದು ದಿನ ಮಿಸ್ ಪಕ್ಕದಲ್ಲಿ ಕೂತು, “ಯಾಕೋ ಪುಟ್ಟ ಏಳ್ತೀಯ?” ಎಂದು ಕೇಳಿದರಂತೆ.

“ಬೋರ್ಡು ಕಾಣಲ್ಲ ಮಿಸ್.”

ಈಗ ಅವನು ಮೊದಲ ಬೆಂಚಿನಲ್ಲಿದ್ದಾನೆ. ಕನ್ನಡಕ ಬಂದಿದೆ, ಕಿವಿ ಹಿಂದೆ ಕೆರೆಯುತ್ತದಂತೆ, ಅದಕ್ಕೇ ಆಗಾಗ ತೆಗೆದಿಡುತ್ತಾನೆ.