ಒಲಿಂಪಿಕ್ಸ್‌ಗೆ ದೋಣಿ ಇಳಿಸಿದ ಡಚೆಸ್: ಆ ಮದುವೆ ಮುರಿದದ್ದು ಯಾಕೆ?

ಪ್ರಶ್ನೆ: ಬ್ರಿಟನ್ನಿನ ದೊಡ್ಡ ಕುಲೀನ ಪದವಿಯವರಾದ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಮತ್ತು ಅವರ ಹೆಂಡತಿ ಡಚೆಸ್ ಇಬ್ಬರಿಗೂ ಆಟದ ಹುಚ್ಚಿತ್ತು. ದುಡ್ಡಿಗೂ ಕೊರತೆ ಇರಲಿಲ್ಲ. ಹಾಗಿದ್ದೂ ಬೇರೆಯಾದದ್ದು ಯಾಕೆ?

ಉತ್ತರ: ಆಟದ ಹುಚ್ಚೇ ಸಂಸಾರ ಕೆಡಿಸಿತು ಅಂತ ಸುಮ್ನೆ ಹೇಳಿಬಿಡಬಹುದು. ನಾನು ಅದನ್ನು ಒಪ್ಪುವುದಿಲ್ಲ.

ಡಚೆಸ್ ಹೆಸರು ಕಾನ್ಸ್‌ಟನ್ಸ್ ಎಡ್ವಿನಾ. ಮನೆಯವರಿಗೆ ಶೀಲಾ. ನಮ್ಮ ಶೀಲಾ ಅಲ್ಲ, ಐರ್ಲೆಂಡಿನ ಹೆಸರು ಅದು. ತವರು ವೇಲ್ಸ್‌ನ ರಥಿನ್ ಕೋಟೆ. 1901ರಲ್ಲಿ ಮದುವೆಯಾದಾಗ ಡ್ಯೂಕ್‌ಗೆ ಇನ್ನೂ 21 ವರ್ಷ. ಬ್ರಿಟನ್ನಿನ ಅತಿ ಶ್ರೀಮಂತರಲ್ಲಿ ಒಬ್ಬರು.

1908ರ ಒಲಿಂಪಿಕ್ಸ್‌ನ ಹಾಯಿದೋಣಿ ಪಂದ್ಯ ನಡೆದದ್ದು ಐಲ್ ಆಫ್ ವೈಟ್‌ನ ರೈಡ್‌ನಲ್ಲಿ. ಎಂಟು ಮೀಟರ್ ವರ್ಗದಲ್ಲಿ ಡಚೆಸ್ ಅವರ 'ಸೊರೈಸ್' ಕಂಚು ಗೆದ್ದಿತು. ಚುಕ್ಕಾಣಿ ಫಿಲಿಪ್ ಹನ್‌ಲೋಕ್ ಕೈಯಲ್ಲಿತ್ತು. ಮುಂದಿನ ತಿಂಗಳು ಡ್ಯೂಕ್ ಮೋಟಾರ್ ದೋಣಿ ಪಂದ್ಯಕ್ಕೆ ಇಳಿದರು. ಅವರ ದೋಣಿ ಕೆಸರಿನಲ್ಲಿ ಸಿಕ್ಕಿಕೊಂಡಿತು!

ಮರು ವರ್ಷವೇ ಸಿಡಿಲು ಬಡಿಯಿತು. ಅಪೆಂಡಿಕ್ಸ್ ಆಪರೇಷನ್ ಆದ ಮೇಲೆ ಒಬ್ಬನೇ ಮಗ ಎಡ್ವರ್ಡ್ ತೀರಿಕೊಂಡ. ನಾಲ್ಕು ವರ್ಷದ ಕೂಸು. ಹಿರಿಯ ಮಗಳು ಅರ್ಸುಲಾ ಇದ್ದಳು, 1910ರಲ್ಲಿ ಮೇರಿ ಹುಟ್ಟಿದಳು. ಆದರೆ ಡ್ಯೂಕ್ ಪದವಿ ಗಂಡುಮಕ್ಕಳಿಗೆ ಮಾತ್ರ. ಹೆತ್ತ ಹೊಟ್ಟೆಯ ಸಂಕಟದ ಮೇಲೆ ವಾರಸುದಾರನ ಲೆಕ್ಕವೂ ಬಂದು ಕೂತರೆ ಯಾವ ಮನೆ ತಡೆದೀತು? ನನ್ನ ಪ್ರಕಾರ ಮದುವೆ ಮುರಿದದ್ದು ಅಲ್ಲೇ. ಕಾಗದದ ಮೇಲೆ ವಿಚ್ಛೇದನ ಸಿಗಲು 1919 ಬರಬೇಕಾಯಿತು. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಹೆಂಡತಿಗೆ ಗಂಡನ ಪರಸ್ತ್ರೀ ಸಂಬಂಧವೊಂದೇ ಸಾಲುತ್ತಿರಲಿಲ್ಲ. ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಜೊತೆಗೆ ಸಾಬೀತು ಮಾಡಬೇಕಿತ್ತು. ಗಂಡನಿಗೆ ಆ ಕಷ್ಟ ಇರಲಿಲ್ಲ.

ಈ ನಡುವೆ ಮೊದಲ ಮಹಾಯುದ್ಧ ಬಂತು. ಡಚೆಸ್ ಫ್ರಾನ್ಸಿನ ಲ ಟುಕೆಯ ಜೂಜುಮನೆಯಲ್ಲಿ ಆಸ್ಪತ್ರೆ ತೆರೆದರು. ಗಾಯಾಳುಗಳು ಬಂದರೆ, ಅದು ಎಷ್ಟು ಹೊತ್ತಿಗೇ ಆಗಲಿ, ಔತಣದ ಉಡುಪು, ವಜ್ರದ ಕಿರೀಟ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೆಸರು ಮೆತ್ತಿಕೊಂಡು ಬಂದ ಹುಡುಗರಿಗೆ ಅಷ್ಟಾದರೂ ಗೆಲುವಾಗಲಿ ಅಂತ. ಗುಂಡಿನ ಸದ್ದಿಗೆ ಮನಸ್ಸು ಕೆಟ್ಟ ಸೈನಿಕರನ್ನು ಡಾಕ್ಟರ್ ಚಾರ್ಲ್ಸ್ ಮೈಯರ್ಸ್ ಪರೀಕ್ಷಿಸಿದ್ದೂ ಅಲ್ಲೇ. 1915ರಲ್ಲಿ ಅವರು ಬರೆದ ಲೇಖನದಿಂದ 'ಶೆಲ್ ಶಾಕ್' ಅನ್ನುವ ಮಾತು ವೈದ್ಯಲೋಕಕ್ಕೆ ಬಂತು.

1920ರಲ್ಲಿ ಡಚೆಸ್ ತಮ್ಮ ಖಾಸಗಿ ಕಾರ್ಯದರ್ಶಿಯಾಗಿದ್ದ ಕ್ಯಾಪ್ಟನ್ ಲೂಯಿಸ್ ಅವರನ್ನು ಮದುವೆಯಾದರು. 1970ರವರೆಗೆ ಬದುಕಿದ್ದರು. ಡ್ಯೂಕ್ ಮತ್ತೆ ಮೂರು ಮದುವೆಯಾದರು. ಗಂಡುಮಗು ಆಗಲೇ ಇಲ್ಲ. 1953ರಲ್ಲಿ ಅವರು ತೀರಿಕೊಂಡಾಗ ಪದವಿ ಚಿಕ್ಕಪ್ಪನ ಮಗನಿಗೆ ಹೋಯಿತು.