ನೆರೆಹೊರೆ ಬೇಕಾದ ಪ್ರಾಣಿ

ಗೋವಾದ ಅಂಜುಣದ ಕಲ್ಲುದಂಡೆಗೆ ಇಳಿತದ ಹೊತ್ತಿನಲ್ಲಿ ಹೋದರೆ ಬಂಡೆಯ ಸಂದುಗಳಲ್ಲಿ ಮುಳ್ಳಿನ ಚೆಂಡುಗಳು ಸಿಗುತ್ತವೆ: ಸೀ ಅರ್ಚಿನ್. ವಾಸ್ಕೋದ ನಮ್ಮ ಮನೆಗೆ ಬಂದಿದ್ದ ಕುಮಟಾದ ಅತ್ತೆ ಬಗ್ಗಿ ನೋಡಿ, "ಇದನ್ನೂ ತಿಂತಾರೇನೋ ಮಾರಾಯ?" ಎಂದರು.

ತಿನ್ನುತ್ತಾರೆ, ಜಪಾನಿನಲ್ಲಂತೂ ಬಹಳ ಇಷ್ಟಪಟ್ಟು. ಚಿಪ್ಪೊಡೆದರೆ ಒಳಗೆ ಐದು ಹಳದಿ ಎಸಳು. ಅವು ತತ್ತಿ ಅಥವಾ ವೀರ್ಯ ತಯಾರಾಗುವ ಅಂಗಗಳು. ಬಿತ್ತನೆಯ ಬೀಜವನ್ನೇ ಉಣ್ಣುವ ವ್ಯಾಪಾರ ಇದು. ಹಾಗಾಗಿ ಲೆಕ್ಕ ತಪ್ಪಿದರೆ ಪೆಟ್ಟು ಜೋರು.

ಅಮೆರಿಕದ ಮೇನ್ ರಾಜ್ಯ 1993ರಲ್ಲಿ ಸುಮಾರು 18,000 ಟನ್ ಅರ್ಚಿನ್ ಎತ್ತಿತು. ಈಗ ಅದರ ಹತ್ತನೇ ಒಂದು ಪಾಲೂ ಸಿಗುವುದಿಲ್ಲ. ಹಿಡಿಯುವುದನ್ನು ಕಡಿಮೆ ಮಾಡಿದರೂ ಸಂತತಿ ಚೇತರಿಸಿಕೊಳ್ಳಲಿಲ್ಲ. ಮೇಯುವ ಅರ್ಚಿನ್‌ಗಳಿಲ್ಲದೆ ಕಡಲಪಾಚಿ ಕಾಡಿನಂತೆ ಬೆಳೆಯಿತು, ಅದರಲ್ಲಿ ಏಡಿಗಳು ಬೀಡುಬಿಟ್ಟವು. ಸಂಶೋಧಕರು ಬೇರೆಡೆಯಿಂದ ತಂದು ಬಿಟ್ಟ ಅರ್ಚಿನ್‌ಗಳನ್ನೂ ಅವೇ ತಿಂದು ಮುಗಿಸಿದವು.

ಇನ್ನೊಂದು ತೊಡಕು ಹೆರುವ ರೀತಿಯಲ್ಲೇ ಇದೆ. ಗಂಡು ಹೆಣ್ಣು ಕೂಡುವುದಿಲ್ಲ. ಎರಡೂ ತಮ್ಮದನ್ನು ನೀರಿಗೇ ಬಿಡುತ್ತವೆ. ನಡುವೆ ಒಂದೆರಡು ಮೀಟರ್ ಅಂತರ ಬಿದ್ದರೂ ವೀರ್ಯ ತೆಳುವಾಗಿ, ಫಲಿಸುವ ತತ್ತಿಗಳು ತೀರಾ ಕಡಿಮೆಯಾಗುತ್ತವೆ. ಸಾವಿರ ಅರ್ಚಿನ್ ಉಳಿದಿವೆ ಎಂದರೆ ಸಾಲದು. ಅವು ಒತ್ತೊತ್ತಾಗಿ ಇವೆಯೇ ಎಂದು ಕೇಳಬೇಕು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಟನ್‌ಗಟ್ಟಲೆ ಮಿತಿ ಹಾಕುವ ಕಾಗದದ ನಿಯಮ ಈ ನೆರೆಹೊರೆಯನ್ನು ಕಾಯುವುದಿಲ್ಲ.

ಪೆಸಿಫಿಕ್ ತೀರದ ಕೆಂಪು ಅರ್ಚಿನ್ ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಹಿರಿಯ ಅರ್ಚಿನ್‌ನ ಮುಳ್ಳುಗಳ ಅಡಿಯಲ್ಲೇ ಮರಿಗಳು ಅಡಗಿ ಬೆಳೆಯುತ್ತವೆ. ದೊಡ್ಡದನ್ನು ಎತ್ತಿದವರು ಮರಿಗಳ ಸೂರನ್ನೂ ಎತ್ತಿದಂತೆ. ಮೇನ್‌ನಲ್ಲಿ ಸುಮಾರು ಎರಡು ಇಂಚಿಗಿಂತ ಸಣ್ಣದರ ಜೊತೆಗೆ ಮೂರು ಇಂಚಿಗಿಂತ ದೊಡ್ಡದನ್ನೂ ಹಿಡಿಯಬಾರದೆಂಬ ನಿಯಮ ಬಂತು. ಹಿರಿಯವು ಹೆಚ್ಚು ತತ್ತಿ ಬಿಡುತ್ತವೆ ಎಂಬುದೂ ಅದಕ್ಕೊಂದು ಕಾರಣ. ಒಳ್ಳೆಯ ನಿಯಮ, ತಡವಾಗಿ ಬಂತು.

ಇದನ್ನೆಲ್ಲ ಹೇಳುತ್ತಿದ್ದಾಗ ಅತ್ತೆ ನಡುವೆಯೇ ಕೇಳಿದರು, "ನಮ್ಮ ಅಘನಾಶಿನಿಯ ಬಳಚಿಗೂ ಹೀಗೇ ಏನೋ?"

ಹೌದು, ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಬಳಚೂ ನೀರಿಗೇ ಬಿಡುತ್ತದೆ, ಅದಕ್ಕೂ ಒತ್ತಿನಲ್ಲಿ ಜೊತೆ ಬೇಕು. ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಈಜಿ ತಿರುಗುವ ಮೀನಿಗೆ ಅದು ಸರಿ. ಆದರೆ ಜುವಾರಿ ನದಿಯ ಕೆಸರಿನಲ್ಲಿ ಕೈಯಿಂದಲೇ ತಿಸ್ರ್ಯೊ, ಅಂದರೆ ಬಳಚು, ಹೆಕ್ಕುತ್ತಾರೆ, ಅದು ಇದ್ದಲ್ಲೇ ಇರುವ ಜೀವಿ. ಅದಕ್ಕೆ ತಿಂಗಳಿನ ಬಿಡುವಿಗಿಂತ ಜಾಗದ ಬಿಡುವು ಮುಖ್ಯ. ದಟ್ಟವಾಗಿರುವ ಒಂದೆರಡು ಪಟ್ಟಿಗಳನ್ನು ವರ್ಷವಿಡೀ ಮುಟ್ಟದೆ ಬಿಟ್ಟರೆ, ಅಲ್ಲಿ ಹುಟ್ಟಿದ ಕಣ್ಣಿಗೆ ಕಾಣದ ಮರಿಗಳು ಉಬ್ಬರದ ನೀರಿನ ಜೊತೆ ಹೆಕ್ಕಿ ಬರಿದಾದ ಕಡೆಗೂ ತೇಲಿ ಹೋಗುತ್ತವೆ.